ಕತ್ತಿ ಯಾವ ಸೊಂಟದಲ್ಲಿದೆ?

ಪ್ರಶ್ನೆ: ಮೇಷ್ಟ್ರೇ, ನಮ್ಮ ತಾತನ ಟ್ರಂಕಿನಲ್ಲಿ ಒಂದು ಹಳೇ ಬಣ್ಣದ ಚಿತ್ರ ಸಿಕ್ಕಿದೆ. ಹೊಳೆದಡದಲ್ಲಿ ಅರಮನೆ, ಅದರ ಪಕ್ಕಕ್ಕೇ ಎಡಗಡೆ ಗೋಪುರ, ದೂರ ಬಲಕ್ಕೆ ಎರಡು ಮಿನಾರು, ಮುಂದೆ ಹರಿಗೋಲು, ಮೂವರು ಸಿಪಾಯಿಗಳು. ಕೆಳಗೆ ಇಂಗ್ಲಿಷಿನಲ್ಲಿ ‘ಸೆರಿಂಗಪಟಂ, ಉತ್ತರ ದಡದಿಂದ’ ಎಂದಿದೆ, ಅಂದರೆ ನಮ್ಮ ಶ್ರೀರಂಗಪಟ್ಟಣ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಅಸಲಿ ಜಲವರ್ಣ, ಕೊಡಿ ಎಂದು ಒಬ್ಬರು ಬೆನ್ನು ಬಿದ್ದಿದ್ದಾರೆ. ಫೋಟೊ ಇಟ್ಟಿದ್ದೇನೆ. ಒರೆಸಿ ಶುದ್ಧ ಮಾಡಲೇ?
— ಓದುಗರು, ಪಾಂಡವಪುರ

ಉತ್ತರ: ಮೊದಲು ಒರೆಸುವ ಬಟ್ಟೆ ಕೆಳಗಿಡಿ. ಜಲವರ್ಣವನ್ನು ಕಾಗದಕ್ಕೆ ಹಿಡಿಸಿರುವುದು ಬರೀ ಗೋಂದು. ಹುಡುಗನಾಗಿದ್ದಾಗ ನನ್ನದೇ ಒಂದು ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಕಾಶವನ್ನೆಲ್ಲ ಬಟ್ಟೆಗೆ ಇಳಿಸಿಕೊಂಡವನು ನಾನು.

ಇದು ದರಿಯಾ ದೌಲತ್ ಅಲ್ಲ ಅಂತ ನನ್ನ ಲೆಕ್ಕ. 1784ರ ಆ ಕಟ್ಟಡ ಕೋಟೆಯ ಆಚೆ, ಪೂರ್ವದ ತೋಟದಲ್ಲಿದೆ. ರಂಗನಾಥನ ಗೋಪುರ ಅದರ ಹೆಗಲಿಗೆ ಅಂಟಿಕೊಂಡಂತೆ ಕಾಣುವುದಿಲ್ಲ. ಗುಡಿಯ ಹತ್ತಿರ ಇದ್ದದ್ದು ಟಿಪ್ಪುವಿನ ವಾಸದ ಅರಮನೆ, ಲಾಲ್ ಮಹಲ್. ಈಗ ಹೋದರೆ ನಿಮಗೆ ಸಿಗುವುದು ಅದರ ಅಡಿಪಾಯವಷ್ಟೇ. 1799ರಲ್ಲಿ ಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಅರಮನೆಯನ್ನೂ ಕೆಡವಿದರು. ಅದರ ತೊಲೆಗಳು ಘಾಟಿ ಹತ್ತಿ ಊಟಿಗೆ ಹೋದವು. 1829ರಲ್ಲಿ ಅಡಿಗಲ್ಲು ಬಿದ್ದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಕೆಳಗೆ ನಿಂತರೆ ನಮ್ಮ ಪಟ್ಟಣದ ಮರ ನೋಡಬಹುದು. ಅರಮನೆಯ ರೂಪ ನೋಡಬೇಕೆಂದರೆ ಇಂಥ ಚಿತ್ರಗಳೇ ಗತಿ.

ಆದರೆ ನಿಮ್ಮದು ಅಸಲಿಯೇ? ಫೋಟೊ ನೋಡುತ್ತಿದ್ದಂತೆ ಏನೋ ತಿರುಗುಮುರುಗು ಅನ್ನಿಸಿತು. ಕೋಟೆಯೊಳಗೆ ಗುಡಿ ಪಶ್ಚಿಮಕ್ಕೆ, ಮಸೀದಿ ಪೂರ್ವಕ್ಕೆ. ಉತ್ತರ ದಡದಲ್ಲಿ ನಿಂತವನಿಗೆ ಮಿನಾರು ಎಡಕ್ಕೂ ಗೋಪುರ ಬಲಕ್ಕೂ ಕಾಣಬೇಕು. ನಿಮ್ಮದರಲ್ಲಿ ಉಲ್ಟಾ. ಬರೆದವನು ಯಾವ ದಡದಲ್ಲಿದ್ದ ಅನ್ನುವುದನ್ನೇ ತಪ್ಪಾಗಿ ಬರೆದಿರಬಹುದಲ್ಲ ಅಂತ ಸಿಪಾಯಿಗಳತ್ತ ಕಣ್ಣು ಹಾಯಿಸಿದೆ. ಮೂವರಿಗೂ ಕತ್ತಿ ಬಲ ಸೊಂಟದಲ್ಲಿ! ಮೂವರೂ ಎಡಚರೇನು? ತಾಮ್ರದ ತಗಡಿನಲ್ಲಿ ಕೆತ್ತಿದ್ದು ಕಾಗದಕ್ಕೆ ಒತ್ತಿದಾಗ ಕನ್ನಡಿಯಲ್ಲಿ ಕಂಡಂತೆ ಮಗ್ಗುಲು ಬದಲಾಗುತ್ತದೆ. ಕೆತ್ತುವವನು ಅಕ್ಷರವನ್ನು ಮರೆಯದೆ ತಿರುಗಿಸುತ್ತಾನೆ, ಚಿತ್ರವನ್ನು ಕೆಲವೊಮ್ಮೆ ಹಾಗೇ ಬಿಟ್ಟುಬಿಡುತ್ತಾನೆ. ಅಂದರೆ ನಿಮ್ಮದು ಅಚ್ಚು ಒತ್ತಿ, ಮೇಲೆ ಕೈಯಿಂದ ಬಣ್ಣ ತುಂಬಿದ್ದಿರಬೇಕು.

ಖಾತ್ರಿಗೆ ಭೂತಗನ್ನಡಿ ಹಿಡಿಯಿರಿ. ಆಕಾಶದ ಜಾಗದಲ್ಲಿ ಬಣ್ಣದಡಿ ಸಣ್ಣ ಬಿರುಕಿನ ಬಲೆಯಂಥ ಕಾಳು ಕಂಡರೆ ಅಚ್ಚು. ಅಂಚಿನ ಸುತ್ತ ತಗಡು ಒತ್ತಿದ ತಗ್ಗನ್ನು ಬೆರಳಲ್ಲೇ ಸವರಿ ನೋಡಬಹುದು, ಕತ್ತರಿಸಿ ಹಾಕಿಲ್ಲದಿದ್ದರೆ. ಸಾಲುಸಾಲು ಚುಕ್ಕಿ ಕಂಡರೆ ಈಚಿನ ಪ್ರೆಸ್ಸಿನದು. ಅಸಲಿ ಜಲವರ್ಣದಲ್ಲಿ ಬಣ್ಣ ಕಾಗದದ ಗುಳಿಗಳಲ್ಲಿ ಇಳಿದು ಕೂತಿರುತ್ತದೆ, ಅಲ್ಲಲ್ಲಿ ಪೆನ್ಸಿಲ್ ಗೀಟು ಇಣುಕುತ್ತದೆ.

ಹಳೇ ಅಚ್ಚಾದರೂ ಬೆಲೆ ಇಲ್ಲದ್ದೇನಲ್ಲ. ಆ ಪುಣ್ಯಾತ್ಮರನ್ನು ಸದ್ಯ ಕಾಯಿಸಿ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಬೇಡ. ಬಿಸಿಲು ಬೀಳದ ಗೋಡೆ ನೋಡಿ. ಹಿಂದಿನ ರಟ್ಟು ಕಂದು ತಿರುಗಿದ್ದರೆ ಕಟ್ಟು ಹಾಕುವವರಿಗೆ ಹೇಳಿ ಆಮ್ಲವಿಲ್ಲದ ರಟ್ಟು ಹಾಕಿಸಿ.

ಭೂತಗನ್ನಡಿಯಲ್ಲಿ ಏನು ಕಂಡಿತು, ಒಂದು ಕಾರ್ಡು ಹಾಕಿ.