ಜೋಮು ಹಿಡಿದ ಪಾದ, 42 ಕಿಲೋಮೀಟರ್

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಎಂಟು ಕೀಮೋ, ರೇಡಿಯೇಷನ್ ಎಲ್ಲ ಮುಗಿದು 14 ತಿಂಗಳಾಯಿತು. ಕ್ಯಾನ್ಸರ್ ಆದ ಮಕ್ಕಳ ಚಿಕಿತ್ಸೆಗೆ ದುಡ್ಡು ಕೂಡಿಸಲು ಮ್ಯಾರಥಾನ್ ಓಡೋಣ ಬಾ ಅತ್ತೆ ಎಂದು ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಕರೆಯುತ್ತಿದ್ದಾಳೆ. ನನಗೂ ಆಸೆ. ಮನೆಯವರು ಮಾತ್ರ 'ಬದುಕಿ ಬಂದಿದ್ದೇ ದೊಡ್ಡದು, ಸುಮ್ನೆ ಇರು' ಅನ್ನುತ್ತಾರೆ. ಅಂಗಾಲು ಇನ್ನೂ ಜೋಮು ಹಿಡಿದ ಹಾಗೇ ಇದೆ. ಓಡಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ಒಂಬತ್ತು ವರ್ಷದ ಹಿಂದೆ ನನಗೂ ಅದೇ ಕಾಯಿಲೆ, ಅದೇ ಜೋಮು. ಓಡಿ. ಆದರೆ ಈ ವರ್ಷ 42 ಕಿಲೋಮೀಟರ್ ಬೇಡ, 10 ಸಾಕು. ದೇಣಿಗೆ ಕೊಡುವವರು ದೂರ ಅಳೆದು ಕೊಡುವುದಿಲ್ಲ.

ಪ್ಯಾಕ್ಲಿಟ್ಯಾಕ್ಸೆಲ್ ತರಹದ ಕೀಮೋ ಔಷಧ ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡುತ್ತದೆ. ಒಮ್ಮೆ ನನ್ನ ಶೂ ಒಳಗೆ ಕಡಲೆಕಾಳಿನಷ್ಟು ಕಲ್ಲು ಸೇರಿತ್ತು. ಮೂರು ಕಿಲೋಮೀಟರ್ ಓಡಿದರೂ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ರಕ್ತ. ಅಂದಿನಿಂದ ಶೂ ಕೊಡವಿಯೇ ಹಾಕಿಕೊಳ್ಳುತ್ತೇನೆ, ಬಿಚ್ಚಿದ ಮೇಲೆ ಅಂಗಾಲಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಕತ್ತಲಲ್ಲಿ, ಗುಂಡಿ ರಸ್ತೆಯಲ್ಲಿ ಓಡಬೇಡಿ. ನಿಮ್ಮೂರಲ್ಲಿ ಕುಂದುವಾಡ ಕೆರೆ ಇದೆ ಅಲ್ವಾ? ಬೆಳಕು ಹರಿದ ಮೇಲೆ ಅಲ್ಲಿಗೆ ಹೋಗಿ. ಮೊದಮೊದಲು ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಬರುವಾಗ ಬೆಣ್ಣೆದೋಸೆ ತಿಂದರೆ ನಾನೇನೂ ಕೇಳುವುದಿಲ್ಲ.

ಇದಕ್ಕೂ ಮೊದಲು ಡಾಕ್ಟರ ಹತ್ತಿರ ಹೋಗಿ. ನಿಮಗೆ ಆ 'ಕೆಂಪು ಇಂಜೆಕ್ಷನ್' ಕೊಟ್ಟಿದ್ದರಾ? ಅದು ಡಾಕ್ಸೊರುಬಿಸಿನ್. ಕೆಲವರ ಹೃದಯವನ್ನು ಅದು ದುರ್ಬಲ ಮಾಡುತ್ತದೆ, ಎಷ್ಟೋ ವರ್ಷ ಕಳೆದ ಮೇಲೂ. ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕೇ ಬೇಕು. ಹಿಮೋಗ್ಲೋಬಿನ್ ನೋಡಿಸಿ. ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆ ಮೂಳೆ ಸವೆಸುತ್ತದೆ, ಅದನ್ನು ನುಂಗುತ್ತಿದ್ದರೆ ಮೂಳೆ ಎಷ್ಟು ಗಟ್ಟಿ ಎಂದು ನೋಡುವ ಸ್ಕ್ಯಾನ್ ಬಗ್ಗೆಯೂ ಕೇಳಿ. ಆಪರೇಷನ್ ಆದ ಕಡೆಯ ಕೈಯಲ್ಲಿ ಬಳೆ ಬಿಗಿಯಾಯಿತು ಅನ್ನಿಸಿದರೆ ಕೈ ಊದುತ್ತಿರಬಹುದು, ಸುಮ್ಮನಿರಬೇಡಿ, ತೋರಿಸಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರು ಹೂಂ ಅಂದ ಮರುದಿನದಿಂದ ನಮ್ಮವರೇ ನನಗೆ ಅಲಾರಂ ಇಡತೊಡಗಿದರು.

ಅಣ್ಣನ ಮಗಳು ಟೆರ್ರಿ ಫಾಕ್ಸ್ ಕಥೆ ಹೇಳಿಯೇ ಹೇಳುತ್ತಾಳೆ. ಕ್ಯಾನ್ಸರ್‌ಗೆ ಬಲಗಾಲು ಕಳೆದುಕೊಂಡ ಕೆನಡಾದ ಹುಡುಗ. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ಓಡಿದ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ನಿಂತಿತು, ಮರುವರ್ಷ 22ನೇ ವಯಸ್ಸಿಗೆ ತೀರಿಕೊಂಡ. ದಾರಿಯಲ್ಲಿ ತಪಾಸಣೆ ಎಂದರೆ ಅವನಿಗೆ ಆಗುತ್ತಿರಲಿಲ್ಲ. ಅದನ್ನು ಕಲಿಯಬೇಡಿ. ಅವನು ದುಡ್ಡು ಕೇಳಿದ ರೀತಿ ಕಲಿಯಿರಿ: ದೇಶದ ಒಬ್ಬೊಬ್ಬರಿಂದಲೂ ಒಂದೇ ಡಾಲರ್. ನಾನು ತಲೆಗೆ ನೂರು ರೂಪಾಯಿ ಕೇಳಿದೆ. ಹೂ ಮಾರುವಾಕೆಯೂ ಕೊಟ್ಟಳು. ಐದು ಸಾವಿರ ಕೇಳಿದ್ದರೆ ಚಿಕ್ಕಪ್ಪನ ಮಗನೂ ಫೋನ್ ಎತ್ತುತ್ತಿರಲಿಲ್ಲ.

ಓಟಕ್ಕೆ ಹೆಸರು ಕೊಡುವಾಗ ಕಟ್ಟುವ ಶುಲ್ಕವೇ ಮಕ್ಕಳಿಗೆ ಹೋಗುತ್ತದೆ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ. ದೇಣಿಗೆ ನಿಮ್ಮ ಖಾತೆಗೆ ಬರುವುದು ಬೇಡ, ನೇರವಾಗಿ ಸಂಸ್ಥೆಗೇ ಹೋಗಲಿ. ತೆರಿಗೆ ರಿಯಾಯಿತಿಗೆಂದು ರಸೀದಿ ಬೇಕು ಅನ್ನುವವರು 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬಾರದು, ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ.

ನನ್ನ ಮೊದಲ 10 ಕಿಲೋಮೀಟರಿಗೆ 1 ಗಂಟೆ 52 ನಿಮಿಷ ಹಿಡಿಯಿತು. ನಾನು ತಲುಪುವ ಹೊತ್ತಿಗೆ ಶಾಮಿಯಾನದಲ್ಲಿ ಬಾಳೆಹಣ್ಣು ಖಾಲಿಯಾಗಿತ್ತು. ನೀವು ಮನೆಯಿಂದಲೇ ಎರಡು ತೆಗೆದುಕೊಂಡು ಹೋಗಿ.