ಮಕ್ಕಳ ಕಳ್ಳರ ವಿಡಿಯೊ ಅಳಿಸಬೇಕಾ?

ಇಂಡಿ ಹತ್ತಿರದ ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಮಕ್ಕಳ ಕಳ್ಳರ ವಿಡಿಯೊ ಬಂದಿದೆ, ಅಡ್ಮಿನ್ ಆಗಿ ಅಳಿಸಿದರೆ ಹಿರಿಯರು ಸಿಟ್ಟಾಗ್ತಾರೆ ಅಂದಿದ್ದೀರಿ. ಆಗಲಿ ಬಿಡಿ, ಅಳಿಸಿ.

2018ರಲ್ಲಿ ಬೈಕಿನವರು ಮಗು ಎತ್ತಿಕೊಂಡು ಹೋಗುವ ವಿಡಿಯೊ ಓಡಾಡಿತ್ತಲ್ವಾ? ಅದು ಕರಾಚಿಯಲ್ಲಿ ಜಾಗೃತಿಗಾಗಿ ಮಾಡಿದ ಚಿತ್ರ. ಕೊನೆಗೆ ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುತ್ತಾರೆ. ಆ ಕೊನೆಯ ತುಂಡನ್ನೇ ಯಾರೋ ಕತ್ತರಿಸಿ ತೆಗೆದಿದ್ದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ವದಂತಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪ. ಆಮೇಲೆ ವಾಟ್ಸಾಪ್ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ಹಾಕಿತು. ತಡವಾಗಿ, ಬಿಡಿ.

ಸುಮ್ನೆ ಅಳಿಸಬೇಡಿ, ಕಾರಣ ಒಂದು ಸಾಲು ಬರೆಯಿರಿ. ನಿಜವಾಗಿ ಅನುಮಾನ ಇದ್ದವರು 112ಕ್ಕೆ ಫೋನ್ ಮಾಡಲಿ.