ಪ್ರತಿಕ್ರಿಯೆ: ಬ್ರಶ್ ಮಾಡಿದರೆ ವಸಡಿನಲ್ಲಿ ರಕ್ತ, ಆ ಕಡೆ ಉಜ್ಜಬಹುದಾ?

ರಕ್ತ ಬರುತ್ತಿರುವುದು ಬ್ರಶ್‌ನಿಂದಲ್ಲ, ಹಲ್ಲು-ವಸಡು ಸೇರುವ ಗೆರೆಯಲ್ಲಿ ಕೂತ ಪಾಚಿಯಿಂದ ಇರಬೇಕು. ಹತ್ತು ದಿನದಿಂದ ಎಡಗಡೆ ಉಜ್ಜುವುದನ್ನೇ ಬಿಟ್ಟಿದ್ದೀರಿ ಅಂದಿರಲ್ಲ, ಅದರಿಂದ ಇನ್ನೂ ಜಾಸ್ತಿಯಾಗಿದೆ. ನಾನೂ ಇದೇ ತಪ್ಪು ಮಾಡಿದ್ದೆ.

ಇವತ್ತು ರಾತ್ರಿಯಿಂದಲೇ ಸಾಫ್ಟ್ ಬ್ರಶ್ ಬಳಸಿ. ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಟ್ಟು ಮೆಲ್ಲಗೆ ಆಡಿಸಿ. ಪಾತ್ರೆ ತಿಕ್ಕಿದ ಹಾಗೆ ಬೇಡ. ದಿನಕ್ಕೆ ಎರಡು ಸಲ, 2 ನಿಮಿಷ. ಮೊದಲ ಕೆಲವು ದಿನ ರಕ್ತ ಬರಬಹುದು, ಹೆದರಿ ನಿಲ್ಲಿಸಬೇಡಿ. ಉಪ್ಪು, ಇದ್ದಿಲ ಪುಡಿ ಹಾಕಿ ಉಜ್ಜುವುದನ್ನು ಬಿಡಿ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ತೊಂದರೆಯಿಲ್ಲ.

ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಪಾಚಿ ಗಟ್ಟಿಯಾಗಿ ಕಲ್ಲಿನಂತೆ ಕೂತಿರಬಹುದು. ಅದು ಬ್ರಶ್‌ಗೆ ಬಗ್ಗುವುದಿಲ್ಲ, ಡೆಂಟಿಸ್ಟ್ ಹತ್ತಿರ ಕ್ಲೀನಿಂಗ್ ಮಾಡಿಸಲೇಬೇಕು. 'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ' ಅಂತ ನಿಮ್ಮ ಅತ್ತೆ ಹೇಳಿದ್ದು ನಮ್ಮ ಮನೆಯಲ್ಲೂ ಕೇಳಿದ ಮಾತೇ. ಸಂದಿಯಲ್ಲಿ ತುಂಬಿದ್ದ ಕಲ್ಲು ಹೋದಾಗ ಅಲ್ಲಿ ಖಾಲಿ ಅನ್ನಿಸುತ್ತದೆ, ನಾಲಿಗೆ ಸುಮ್ನೆ ಅಲ್ಲಿಗೇ ಹೋಗುತ್ತಿರುತ್ತದೆ. ಕೆಲವು ದಿನ ತಣ್ಣೀರು ಕುಡಿದರೆ ಜುಂ ಅನ್ನಬಹುದು, ಅಷ್ಟೇ. ಹಲ್ಲನ್ನು ಸಡಿಲ ಮಾಡುವುದು ವಸಡಿನ ರೋಗ, ಕ್ಲೀನಿಂಗ್ ಅಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಎರಡು ವಾರ ಕಾಯದೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕೀವು, ಊತ, ಜ್ವರ ಇದ್ದರೆ ಅಥವಾ ಹಲ್ಲು ಅಲ್ಲಾಡುತ್ತಿದ್ದರೆ ನಾಳೆಯೇ ಹೋಗಿ.